ಬೊಗಸೆಗೆ ಇಂಗ್ಲಿಷಿನಲ್ಲಿ ಒಂದೇ ಪದ ಇದೆಯಾ?

ತುಂಗೆತೀರ
ಅಜ್ಜಿಯ ಅಡುಗೆ ನೋಟ್‌ಬುಕ್ ಅನ್ನು ಇಂಗ್ಲಿಷಿಗೆ ಮಾಡುತ್ತಿದ್ದೇನೆ. ಅಣ್ಣನ ಮಕ್ಕಳು ಕೆನಡಾದಲ್ಲಿ ಬೆಳೆದವರು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರಿಗಾಗಿ ಈ ಕೆಲಸ. ನೋಟ್‌ಬುಕ್ ತುಂಬಾ ಹಳೆಯದು, ಅರ್ಧಕ್ಕರ್ಧ ಪುಟಗಳಿಗೆ ಎಣ್ಣೆ ಹಿಡಿದಿದೆ. ಚಕ್ಕುಲಿ ಪುಟವಂತೂ ಹಿಂದಿನಿಂದ ಬೆಳಕು ಹಿಡಿದರೆ ಮಾತ್ರ ಕಾಣುತ್ತದೆ.

ಆ ಚಕ್ಕುಲಿಯ ಮೊದಲ ಸಾಲಲ್ಲೇ ನಿಂತುಬಿಟ್ಟಿದ್ದೇನೆ. ಅಜ್ಜಿ ಬರೆದಿರುವುದು ಇಷ್ಟು: ಅಕ್ಕಿ ಎರಡು ಬೊಗಸೆ, ಉದ್ದಿನಬೇಳೆ ಒಂದೂವರೆ ಹಿಡಿ, ಜೀರಿಗೆ ಎರಡು ಚಿಟಿಕೆ. ಹಿಡಿಗೆ ಹ್ಯಾಂಡ್‌ಫುಲ್ ಇದೆ, ಚಿಟಿಕೆಗೆ ಪಿಂಚ್ ಇದೆ. ಬೊಗಸೆಗೆ ಏನು ಹೇಳುವುದು? ಡಬಲ್ ಹ್ಯಾಂಡ್‌ಫುಲ್ ಅಂತ ಬರೆದು ನೋಡಿದೆ, ಯಾಕೋ ಮನಸ್ಸಿಗೆ ಬರಲಿಲ್ಲ. ಅಜ್ಜಿಯದು ಒಂದೇ ಪದ. ನನಗೂ ಒಂದೇ ಪದ ಬೇಕು.

ಗಣಿತಪ್ರಿಯ
ಟೂ ಹ್ಯಾಂಡ್‌ಫುಲ್ಸ್ ಅಂದರೆ ಮುಗಿಯಿತಲ್ಲ. ಎರಡು ಕೈ, ಎರಡು ಹಿಡಿ.

ತುಂಗೆತೀರ
ಅಲ್ಲ ರೀ, ಅದು ತಪ್ಪು. ಈಗಷ್ಟೇ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿದೆ. ನನ್ನ ಒಂದು ಹಿಡಿ ಅಕ್ಕಿ 70 ಗ್ರಾಂ. ಒಂದು ಬೊಗಸೆ 210 ಗ್ರಾಂ. ಎರಡು ಹಿಡಿ ಸೇರಿದರೆ 140 ಮಾತ್ರ ಆಗುತ್ತದೆ. ಹಿಡಿ ಅಂದರೆ ಬೆರಳು ಮಡಚಿ ಹಿಡಿದದ್ದು. ಬೊಗಸೆ ಅಂದರೆ ಎರಡೂ ಅಂಗೈ ಸೇರಿಸಿ ಬಟ್ಟಲು ಮಾಡಿದ್ದು, ಮೇಲೆ ಗೋಪುರ ನಿಲ್ಲುತ್ತದೆ. ಎರಡೂ ಬೇರೆ ಬೇರೆ ಅಳತೆ.

ಗಣಿತಪ್ರಿಯ
ಒಪ್ಪಿದೆ. ಇಷ್ಟೊಂದು ವ್ಯತ್ಯಾಸ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಅಬರ್ಡೀನ್‌ಕನ್ನಡತಿ
ಪದ ಇದೆ! ಗೌಪೆನ್. ಎರಡೂ ಕೈ ಸೇರಿಸಿ ಮಾಡಿದ ಬಟ್ಟಲಿಗೂ ಅದೇ ಹೆಸರು, ಅದರಲ್ಲಿ ಹಿಡಿಸುವಷ್ಟು ಪದಾರ್ಥಕ್ಕೂ ಅದೇ ಹೆಸರು. ನಮ್ಮ ಬೊಗಸೆಯ ಹಾಗೇ. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಮಾತು. ಹಳೆಯ ನಾರ್ಸ್ ಭಾಷೆಯ ಗೌಪ್ನ್‌ನಿಂದ ಬಂದದ್ದು, ಅಂದರೆ ವೈಕಿಂಗರ ಕಾಲದ ಸಾಮಾನು. ನಮ್ಮ ಪಕ್ಕದ ಮನೆಯ ಅಜ್ಜಿ ಕೋಳಿಗೆ ಕಾಳು ಹಾಕುವಾಗ ಹೇಳುತ್ತಿದ್ದರು, ಗೌಪನ್‌ಫು ಅಂತ. ಫುಲ್‌ನ ಕೊನೆಯ ಲ್ ನುಂಗಿಬಿಡುತ್ತಾರೆ ಇಲ್ಲಿ. ಮೊದಲ ಸಲ ಕೇಳಿದಾಗ ಅದೇನು ಅಂತ ಕೇಳಿದೆ. ಮಾತಾಡಲಿಲ್ಲ, ಎರಡೂ ಕೈ ಸೇರಿಸಿ ತೋರಿಸಿದರು. ನಾನು ಅಲ್ಲೇ ಬೊಗಸೆ ಅಂದೆ.

ಹಳೇಮೇಷ್ಟ್ರು
ಗೌಪೆನ್‌ಗೆ ಇನ್ನೊಂದು ಕಥೆ ಇದೆ. ಸ್ಕಾಟ್ಲೆಂಡಿನಲ್ಲಿ ಹಿಂದೆ ರೈತರು ತಮ್ಮ ಕಾಳನ್ನು ಊರಿನ ಜಮೀನ್ದಾರನ ಗಿರಣಿಗೇ ಹಾಕಿಸಬೇಕಿತ್ತು. ಬೀಸಿದ್ದಕ್ಕೆ ಹಿಟ್ಟಿನಲ್ಲೇ ಕೂಲಿ. ಗಿರಣಿಯ ಯಜಮಾನನ ಪಾಲು ಬೇರೆ, ಅಲ್ಲಿ ಕೆಲಸ ಮಾಡುವ ಆಳುಗಳ ಪಾಲು ಬೇರೆ. ಆಳುಗಳ ಪಾಲಿನಲ್ಲಿ ಒಂದು ಬಾಬತ್ತಿನ ಹೆಸರು ಲಾಕ್, ಅಂದರೆ ಒಂದು ಹಿಡಿ. ಇನ್ನೊಂದು ಗೌಪೆನ್, ಒಂದು ಬೊಗಸೆ. ಕಾನೂನಿನ ಪುಸ್ತಕಗಳಲ್ಲಿ ಈ ಪದಗಳು ಹಾಗೇ ಇವೆ. ಕೈಯಿಂದ ತೆಗೆದು ಕೊಡುತ್ತಿದ್ದ ಹಿಟ್ಟು ಕಾನೂನಿನ ಪದ ಆಯಿತು ನೋಡಿ.

ಹಾಗೇ ಇಂಗ್ಲಿಷಿನ ಹಳ್ಳಿ ಮಾತಿನಲ್ಲಿ ಯೆಪ್ಸೆನ್ ಅಂತಲೂ ಒಂದಿದೆ. ಅದಕ್ಕೂ ಬೊಗಸೆ ಅಂತಲೇ ಅರ್ಥ. ಈಗ ಯಾರೂ ಬಳಸುವುದಿಲ್ಲ.

ಕಡಲತಡಿ
ಯಾರೂ ಬಳಸದ ಪದ ಹಾಕಿದರೆ ಕೆನಡಾದ ಮಕ್ಕಳಿಗೆ ಏನು ಉಪಯೋಗ? ಗೌಪೆನ್ ನೋಡಿ ಅವರು ಇನ್ನೊಂದು ನಿಘಂಟು ತೆಗೆಯಬೇಕು. ಸುಮ್ನೆ ಒಂದು ಕಪ್ ಅಂತ ಹಾಕಿ.

ತುಂಗೆತೀರ
ಕಪ್ ಅಂದರೆ ಅಜ್ಜಿ ಹೋಗಿಬಿಡುತ್ತಾರೆ. ಅವರ ಇಡೀ ಪುಸ್ತಕದಲ್ಲಿ ಒಂದೂ ಪಾತ್ರೆಯ ಅಳತೆ ಇಲ್ಲ. ಎಲ್ಲಾ ಕೈಯದೇ. ಅದೇ ಅದರ ಸೊಗಸು. ನನ್ನ ಯಜಮಾನರ ಬೊಗಸೆಯಲ್ಲಿ 290 ಗ್ರಾಂ ಬಂತು. ಆದರೆ ಅವರ ಹಿಡಿಯೂ ದೊಡ್ಡದು, ಹೆಚ್ಚು ಕಡಿಮೆ ಅಷ್ಟೇ ಪಟ್ಟು. ಯಾರು ಮಾಡಿದರೂ ಅಕ್ಕಿಗೆ ಬೇಳೆ ಸರಿ ಹೊಂದುತ್ತದೆ. ಒಂದಕ್ಕೆ ಕಪ್ ಮಾಡಿ ಇನ್ನೊಂದಕ್ಕೆ ಹಿಡಿ ಬಿಟ್ಟರೆ ಲೆಕ್ಕ ಕೆಡುತ್ತದೆ.

ಗಣಿತಪ್ರಿಯ
ಲೆಕ್ಕ ಹಾಕಿದೆ. 420 ಗ್ರಾಂ ಅಕ್ಕಿಗೆ 105 ಗ್ರಾಂ ಬೇಳೆ. ಸರಿಯಾಗಿ ನಾಲ್ಕಕ್ಕೆ ಒಂದು. ಅಜ್ಜಿಗೆ ನಮಸ್ಕಾರ.

ಪದಬೇಟೆ
ಇಲ್ಲೊಂದು ಗಮನಿಸಿ. ಇಂಗ್ಲಿಷಿನಲ್ಲಿ ಹ್ಯಾಂಡ್‌ಗೆ ಫುಲ್ ಅಂಟಿಸಲೇಬೇಕು. ಮೌತ್‌ಫುಲ್, ಆರ್ಮ್‌ಫುಲ್, ಸ್ಪೂನ್‌ಫುಲ್ ಎಲ್ಲಾ ಹಾಗೇ ಹುಟ್ಟಿದವು. ಮೊದಲು ಕೈ ತುಂಬ ಅನ್ನುವ ಎರಡು ಪದವೇ ಇತ್ತು, ಆಮೇಲೆ ಅಂಟಿಕೊಂಡು ಒಂದಾಯಿತು. ನಮ್ಮ ಹಿಡಿ, ಬೊಗಸೆ, ತುತ್ತು, ಗುಟುಕು ಇವಕ್ಕೆ ಯಾವ ಬಾಲವೂ ಬೇಡ. ಪದವೇ ಅಳತೆ. ಗೌಪೆನ್ ಕೂಡ ಹಾಗೇ ಬಾಲವಿಲ್ಲದೆ ನಡೆಯುತ್ತದೆ. ಅದಕ್ಕೇ ನನಗೆ ಅದು ಬೊಗಸೆಯ ಸ್ವಂತ ತಂಗಿ ಅನ್ನಿಸುತ್ತದೆ.

ಅಂದಹಾಗೆ ಬಹುವಚನ ಹ್ಯಾಂಡ್ಸ್‌ಫುಲ್ ಅಂತ ಬರೆಯಬೇಕು.

ಹಳೇಮೇಷ್ಟ್ರು
ಇಲ್ಲ, ಹ್ಯಾಂಡ್‌ಫುಲ್ಸ್ ಸರಿ. ಪದ ಒಮ್ಮೆ ಒಂದಾದ ಮೇಲೆ ಎಸ್ ಕೊನೆಗೇ ಹೋಗಬೇಕು. ಅಳತೆ ಎಷ್ಟು ಸಲ ಅನ್ನುವುದು ಮುಖ್ಯ, ಕೈ ಎಷ್ಟು ಅನ್ನುವುದಲ್ಲ. ಒಂದೇ ಕೈಯಿಂದ ಮೂರು ಹಿಡಿ ಹಾಕಬಹುದಲ್ವಾ?

ಪದಬೇಟೆ
ಸರಿ ಮೇಷ್ಟ್ರೇ, ತಿದ್ದಿಕೊಂಡೆ.

ಕುದುರೆಮುಖ
ಬರೀ ಹ್ಯಾಂಡ್ ಕೂಡ ಅಳತೆಯೇ. ಕುದುರೆಯ ಎತ್ತರ ಹೇಳುವುದು ಹ್ಯಾಂಡ್ ಲೆಕ್ಕದಲ್ಲಿ. ಒಂದು ಹ್ಯಾಂಡ್‌ಗೆ 4 ಇಂಚು. ನೆಲದಿಂದ ಹೆಗಲಿನವರೆಗೆ ಅಳೆಯುತ್ತಾರೆ, ತಲೆಯವರೆಗೆ ಅಲ್ಲ.

ಧಾರವಾಡದಾಕಿ
ನನಗೆ ಬೊಗಸೆಗಿಂತ ಆ ಒಂದೂವರೆ ಮೇಲೆ ಕಣ್ಣು ಬಿತ್ತು. ಒಂದೂವರೆ ಅಂದರೆ ಒಂದೂ ಅರೆಯೂ. ನಡುವಿನ ಊ ಇದೆಯಲ್ಲ, ಅದೇ ಮತ್ತು. ಲ್ಯಾಟಿನ್‌ನಲ್ಲೂ ಇದೇ ತರಹ ಕಟ್ಟಿದ್ದಾರೆ. ಸೆಸ್ಕ್ವಿ ಅನ್ನುವ ಉಪಸರ್ಗ ಇದೆ, ಒಂದೂವರೆ ಅಂತ ಅರ್ಥ. ಸೆಮಿಸ್ ಅಂದರೆ ಅರ್ಧ, ಕ್ವೆ ಅಂದರೆ ಮತ್ತು. ಎರಡೂ ಸವೆದು ಸವೆದು ಸೆಸ್ಕ್ವಿ. ನೂರೈವತ್ತನೇ ವರ್ಷದ ಹಬ್ಬಕ್ಕೆ ಇಂಗ್ಲಿಷಿನಲ್ಲಿ ಸೆಸ್ಕ್ವಿಸೆಂಟೆನಿಯಲ್ ಅನ್ನುತ್ತಾರೆ, ಅಂದರೆ ಒಂದೂವರೆ ನೂರರದ್ದು. ಅವರ ಕ್ವೆ ಮಾಡುವ ಕೆಲಸವನ್ನೇ ನಮ್ಮ ಊ ಮಾಡುತ್ತದೆ. ಇದು ಗೊತ್ತಾದ ದಿನ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ, ಅಷ್ಟು ಖುಷಿ.

ಬೆಳಗಾವಿಹುಡುಗ
ಅದ್ಭುತ. ಆದರೆ ಅವರು ಒಂದು ಕಡೆ ನಿಂತುಬಿಟ್ಟರು. ನಾವು ಎರಡೂವರೆ, ಮೂರೂವರೆ, ಹತ್ತೂವರೆ ಎಲ್ಲಾ ಸಲೀಸಾಗಿ ಮಾಡುತ್ತೇವೆ.

ಪದಬೇಟೆ
ಎಣಿಕೆ ಪದ ಹುಟ್ಟುವ ಬಗೆ ಬಂತಲ್ಲ, ಇಲೆವೆನ್ ಮತ್ತು ಟ್ವೆಲ್ವ್ ನೋಡಿ. ಹದಿಮೂರರಿಂದ ಟೀನ್ ಬರುತ್ತದೆ, ಇವೆರಡಕ್ಕೆ ಯಾಕಿಲ್ಲ? ಇಂಗ್ಲಿಷರು ಮೊದಲು ಹನ್ನೆರಡರ ಗುಂಪಿನಲ್ಲಿ ಎಣಿಸುತ್ತಿದ್ದರು, ಅದಕ್ಕೇ ಹನ್ನೆರಡರವರೆಗೆ ಬೇರೆ ಹೆಸರು ಅಂತ ಎಲ್ಲೋ ಓದಿದ್ದೆ.

ಹಳೇಮೇಷ್ಟ್ರು
ಆ ಪದಗಳ ಒಳಗೇ ಹತ್ತು ಅಡಗಿದೆ. ಇಲೆವೆನ್‌ನ ಹಳೆಯ ರೂಪ ಎಂಡ್ಲೆಯೊವನ್, ಅಂದರೆ ಒಂದು ಉಳಿಯಿತು. ಟ್ವೆಲ್ವ್ ಅಂದರೆ ಎರಡು ಉಳಿಯಿತು. ಯಾವುದರಿಂದ ಉಳಿಯಿತು? ಹತ್ತು ಎಣಿಸಿದ ಮೇಲೆ. ಹತ್ತು ಬೆರಳು ಮುಗಿದವು, ಇನ್ನೂ ಒಂದು ಕುರಿ ಉಳಿದಿದೆ, ಅಷ್ಟೇ. ಹನ್ನೆರಡರ ಎಣಿಕೆಯಾಗಿದ್ದರೆ ಹೀಗೆ ಹೇಳುವ ಅಗತ್ಯವೇ ಇರಲಿಲ್ಲ. ಲಿಥುವೇನಿಯನ್ ಭಾಷೆಯಲ್ಲಿ ಹನ್ನೊಂದರಿಂದ ಹತ್ತೊಂಬತ್ತರವರೆಗೂ ಹೀಗೇ ಉಳಿದದ್ದರ ಲೆಕ್ಕ.

ನಮ್ಮಲ್ಲಿ ಇದಕ್ಕೆ ಉಲ್ಟಾ ಇದೆ. ಒಂಬತ್ತು ಅನ್ನುವುದರಲ್ಲಿ ಒಂದೂ ಇದೆ, ಹತ್ತೂ ಇದೆ. ಹತ್ತಕ್ಕೆ ಒಂದು ಕಡಿಮೆ. ಅವರು ಹತ್ತು ದಾಟಿದ ಮೇಲೆ ಹಿಂದಿರುಗಿ ನೋಡಿದರು, ನಾವು ಹತ್ತು ಮುಟ್ಟುವ ಮೊದಲೇ ಅದರತ್ತ ನೋಡಿದೆವು.

ಕಡಲತಡಿ
ಒಂಬತ್ತರಲ್ಲಿ ಹತ್ತು ಇದೆ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ! ಹತ್ತನ್ನು ಹಳಗನ್ನಡದಲ್ಲಿ ಪತ್ತು ಅನ್ನುತ್ತಿದ್ದರಲ್ವಾ, ಅದೇ ಬತ್ತು ಆಗಿದೆ. ಇಪ್ಪತ್ತು, ಮೂವತ್ತು, ಐವತ್ತು ಎಲ್ಲದರಲ್ಲೂ ಅದೇ.

ಕುರಿಮಂದೆ
ಮೇಷ್ಟ್ರು ಕುರಿ ಅಂದದ್ದಕ್ಕೆ ಬಂದೆ. ಉತ್ತರ ಇಂಗ್ಲೆಂಡಿನ ಕುರಿಗಾರರಿಗೆ ಎಣಿಸಲು ಬೇರೆಯದೇ ಸಂಖ್ಯೆಗಳಿದ್ದವು. ಯಾನ್, ಟಾನ್, ಟೆದರಾ, ಮೆದರಾ, ಪಿಂಪ್. ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ. ಹತ್ತಕ್ಕೆ ಡಿಕ್, ಹದಿನೈದಕ್ಕೆ ಬಮ್‌ಫಿಟ್, ಇಪ್ಪತ್ತಕ್ಕೆ ಜಿಗಿಟ್. ಹದಿನಾರು ಅಂದರೆ ಯಾನ್-ಅ-ಬಮ್‌ಫಿಟ್, ಹದಿನೈದರ ಮೇಲೊಂದು. ಇವು ಇಂಗ್ಲಿಷ್ ಅಲ್ಲವೇ ಅಲ್ಲ, ವೇಲ್ಸಿನ ಭಾಷೆಯ ಬಳಗ. ಅಲ್ಲಿ ಐದಕ್ಕೆ ಪಿಂಪ್ ಅಂತಲೇ ಓದಬಹುದಾದ ಪದ ಇದೆ.

ಇಪ್ಪತ್ತು ಆದ ಮೇಲೆ ಮುಂದಕ್ಕೆ ಹೆಸರಿಲ್ಲ. ಕೋಲಿನ ಮೇಲೆ ಒಂದು ಕಚ್ಚು ಹಾಕಿ ಮತ್ತೆ ಯಾನ್‌ನಿಂದ ಶುರು. ಆ ಕಚ್ಚಿಗೆ ಹಳೆಯ ನಾರ್ಸ್‌ನಲ್ಲಿ ಸ್ಕೋರ್. ಅದಕ್ಕೇ ಇಂಗ್ಲಿಷಿನಲ್ಲಿ ಸ್ಕೋರ್ ಅಂದರೆ ಇಪ್ಪತ್ತು.

ಬೆಳಗಾವಿಹುಡುಗ
ಕ್ರಿಕೆಟ್ ಸ್ಕೋರ್‌ನಿಂದ ಬಂದದ್ದಲ್ವಾ?

ಕುರಿಮಂದೆ
ಕ್ರಿಕೆಟ್ಟೇ ಅದರಿಂದ ತೆಗೆದುಕೊಂಡದ್ದು. ಹಿಂದೆ ರನ್ನುಗಳನ್ನೂ ಕೋಲಿನ ಮೇಲೆ ಕಚ್ಚು ಹಾಕಿಯೇ ಎಣಿಸುತ್ತಿದ್ದರು. ಅಮೆರಿಕದ ಅಧ್ಯಕ್ಷ ಲಿಂಕನ್ 1863ರಲ್ಲಿ ಗೆಟಿಸ್‌ಬರ್ಗ್ ಭಾಷಣ ಶುರು ಮಾಡಿದ್ದು ನಾಲ್ಕು ಸ್ಕೋರ್ ಮತ್ತು ಏಳು ವರ್ಷದ ಹಿಂದೆ ಅಂತ. ನಾಲ್ಕು ಇಪ್ಪತ್ತಲಿ ಎಂಬತ್ತು, ಮೇಲೆ ಏಳು. 87 ಕಳೆದರೆ 1776, ಅವರ ಸ್ವಾತಂತ್ರ್ಯದ ವರ್ಷ.

ಧಾರವಾಡದಾಕಿ
ನಮ್ಮ ಖಂಡುಗಕ್ಕೂ ಇಪ್ಪತ್ತೇ. 20 ಕೊಳಗಕ್ಕೆ ಒಂದು ಖಂಡುಗ.

ತುಂಗೆತೀರ
ಕಣದಲ್ಲಿ ರಾಶಿ ಅಳೆಯುವಾಗ ನಮ್ಮ ತಾತ ಒಂದು ಅಂತ ಹೇಳುತ್ತಿರಲಿಲ್ಲ. ಮೊದಲ ಕೊಳಗಕ್ಕೆ ಲಾಭ ಅನ್ನುತ್ತಿದ್ದರು. ಲಾಭ, ಎರಡು, ಮೂರು... ನಾನು ಚಿಕ್ಕವಳಿದ್ದಾಗ ಲಾಭ ಅನ್ನುವುದು ಒಂದರ ಇನ್ನೊಂದು ಹೆಸರು ಅಂದುಕೊಂಡು ಶಾಲೆಯಲ್ಲೂ ಹಾಗೇ ಎಣಿಸಿದ್ದೆ. ಟೀಚರ್ ಬೈಯಲಿಲ್ಲ, ಅವರ ಮನೆಯಲ್ಲೂ ಹಾಗೇ ಅನ್ನುತ್ತಿದ್ದರಂತೆ.

ಹೂವಿನಮಾರು
ಕೈ ಅಳತೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಸಮುದ್ರದ ಆಳ ಹೇಳುವ ಫ್ಯಾದಮ್ ಇದೆಯಲ್ಲ, ಅದು ನಮ್ಮ ಮಾರು. ಎರಡೂ ತೋಳು ಚಾಚಿದರೆ ಈ ತುದಿಯಿಂದ ಆ ತುದಿಗೆ ಎಷ್ಟೋ ಅಷ್ಟು, 6 ಅಡಿ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ತಬ್ಬಿಕೊಳ್ಳುವುದು ಅಂತಲೂ ಅರ್ಥ ಇತ್ತು. ನಾವಿಕರು ಹಗ್ಗವನ್ನು ಎರಡು ಕೈಯಲ್ಲಿ ಎಳೆದೆಳೆದು ಅಳೆಯುತ್ತಿದ್ದರು, ನಮ್ಮ ಹೂವಿನವಳು ದಂಡೆ ಅಳೆಯುವ ಹಾಗೆ.

ಮೊಳಕ್ಕೆ ಅವರಲ್ಲಿ ಎಲ್. ಮೊಣಕೈಗೆ ಎಲ್ಬೋ ಅನ್ನುವುದು ಅದಕ್ಕೇ. ಎಲ್ ಎಲ್ಲಿ ಬಾಗುತ್ತದೋ ಅದು ಎಲ್ಬೋ. ಬೋ ಅಂದರೆ ಬಾಗು. ದಿನಾ ಬಳಸುವ ಪದದೊಳಗೆ ಸತ್ತುಹೋದ ಅಳತೆಯೊಂದು ಕೂತಿದೆ.

ಬೆಳಗಾವಿಹುಡುಗ
ಮೊಳ ಅಂದಿರಿ, ನೆನಪಾಯಿತು. ಹಬ್ಬದ ಹಿಂದಿನ ದಿನ ಮೊಳ ಯಾಕೆ ಗಿಡ್ಡ ಆಗುತ್ತದೆ? ಮೊನ್ನೆ ನಾಲ್ಕು ಮೊಳ ಸೇವಂತಿಗೆ ತಂದೆ, ಮನೆಯಲ್ಲಿ ಅಳೆದರೆ ಮೂರೂ ಚಿಲ್ಲರೆ.

ಹೂವಿನಮಾರು
ಮಾರುವವರ ಮೊಳ ಬೇರೆ, ಕೊಳ್ಳುವವರ ಮೊಳ ಬೇರೆ. ಆ ಜಗಳ ಅವರಲ್ಲೂ ಇತ್ತು. ಇಂಗ್ಲೆಂಡಿನ ಎಲ್ 45 ಇಂಚು, ಸ್ಕಾಟ್ಲೆಂಡಿನದು 37. ಬಟ್ಟೆ ಕೊಳ್ಳುವಾಗ ಯಾವ ಊರಿನ ಎಲ್ ಅಂತ ಕೇಳಲೇಬೇಕಿತ್ತು. ನೀವು ಕೊಸರು ಕೇಳಬೇಕಿತ್ತು.

ಅಬರ್ಡೀನ್‌ಕನ್ನಡತಿ
ಕೊಸರು! ಎಷ್ಟು ವರ್ಷವಾಯಿತು ಈ ಪದ ಕೇಳಿ. ಅಮ್ಮ ಸೊಪ್ಪು ಕೊಂಡ ಮೇಲೆ ಒಂದು ಎಸಳು ಕೊತ್ತಂಬರಿ ಕೊಸರು ಹಾಕಿಸಿಕೊಳ್ಳದೆ ಬುಟ್ಟಿ ಎತ್ತಲು ಬಿಡುತ್ತಿರಲಿಲ್ಲ. ಇದಕ್ಕೆ ಇಂಗ್ಲಿಷ್ ಇದೆಯಾ?

ಪದಬೇಟೆ
ಇದೆ, ಎರಡೆರಡು. ಒಂದು ಟಿಲಿ, ಐರ್ಲೆಂಡಿನದು. ಹಾಲಿನವನು ಅಳೆದು ಹಾಕಿದ ಮೇಲೆ ಕೊನೆಗೆ ಒಂದಿಷ್ಟು ಸುರಿಯುತ್ತಾನಲ್ಲ, ಅದು ಟಿಲಿ. ಐರಿಷ್ ಭಾಷೆಯಲ್ಲಿ ಹೆಚ್ಚಿನದು ಅನ್ನುವ ಪದದಿಂದ ಬಂದಿದೆ.

ಇನ್ನೊಂದು ಲ್ಯಾನ್ಯಾಪ್, ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆಯದು. ಅದರ ಪ್ರಯಾಣ ಕೇಳಿ. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ ಯಪಾ, ಅಂದರೆ ಮೇಲೆ ಕೊಟ್ಟದ್ದು. ಸ್ಪ್ಯಾನಿಷರು ಅದನ್ನು ಞಾಪಾ ಮಾಡಿ ಮುಂದೆ ಲಾ ಸೇರಿಸಿದರು. ಲೂಸಿಯಾನಾದ ಫ್ರೆಂಚರು ಎರಡನ್ನೂ ಸೇರಿಸಿ ಒಂದೇ ಪದ ಮಾಡಿದರು. ಅಲ್ಲಿಂದ ಇಂಗ್ಲಿಷಿಗೆ. ನಾಲ್ಕು ಭಾಷೆ ದಾಟಿದರೂ ಅರ್ಥ ಮಾತ್ರ ಹಾಗೇ ಇದೆ, ಕೊಸರು.

ಗಣಿತಪ್ರಿಯ
ಬೇಕರ್ಸ್ ಡಜನ್ ಕೂಡ ಸೇರಿಸಿ. ಡಜನ್‌ಗೆ 13. ಬ್ರೆಡ್ಡಿನ ತೂಕ ಕಡಿಮೆ ಬಂದರೆ ಇಂಗ್ಲೆಂಡಿನಲ್ಲಿ ಶಿಕ್ಷೆ ಇತ್ತು, ಆ ಹೆದರಿಕೆಗೆ ಬೇಕರಿಯವರು ಒಂದು ಜಾಸ್ತಿ ಕೊಡುತ್ತಿದ್ದರು ಅಂತ ಹೇಳುತ್ತಾರೆ.

ನನ್ನ ತಲೆನೋವು ದೊಡ್ಡ ಸಂಖ್ಯೆಗಳದ್ದು. ಅನುವಾದದ ಕೆಲಸದಲ್ಲಿ ಬಿಲಿಯನ್ ಬಂದಾಗೆಲ್ಲ ಎದೆ ಢವಢವ. ಮಿಲಿಯನ್ ಅಂದರೆ ಇಟಾಲಿಯನ್‌ನಲ್ಲಿ ದೊಡ್ಡ ಸಾವಿರ. ಸಾವಿರಕ್ಕೆ ಮಿಲ್ಲೆ, ಅದಕ್ಕೆ ದೊಡ್ಡದು ಅನ್ನುವ ಓನೆ ಅಂಟಿಸಿದರು. ಅದರ ಮಾದರಿಯಲ್ಲೇ ಎರಡಕ್ಕೆ ಬಿ, ಮೂರಕ್ಕೆ ಟ್ರಿ ಹಾಕಿ ಬಿಲಿಯನ್, ಟ್ರಿಲಿಯನ್ ಮಾಡಿದವರು ಫ್ರೆಂಚರು. ಇದು 15ನೇ ಶತಮಾನದ ಮಾತು. ಆಗ ಬಿಲಿಯನ್ ಅಂದರೆ ಮಿಲಿಯನ್ ಸಲ ಮಿಲಿಯನ್, ನಮ್ಮ ಲಕ್ಷ ಕೋಟಿ. ಆಮೇಲೆ ಅಮೆರಿಕದಲ್ಲಿ ನಿಂತದ್ದು ಸಾವಿರ ಮಿಲಿಯನ್, ನೂರು ಕೋಟಿ. ಬ್ರಿಟನ್ ಸರ್ಕಾರ 1974ರಲ್ಲಿ ಅಮೆರಿಕದ ಲೆಕ್ಕಕ್ಕೆ ಬಂತು. ಹಾಗಾಗಿ ಅದಕ್ಕಿಂತ ಹಳೆಯ ಬ್ರಿಟಿಷ್ ಪುಸ್ತಕದ ಬಿಲಿಯನ್ ಅನ್ನು ಕಣ್ಣು ಮುಚ್ಚಿ ನೂರು ಕೋಟಿ ಮಾಡಬಾರದು. ನಾನು ಒಮ್ಮೆ ಮಾಡಿದ್ದೆ. ಸಾವಿರ ಪಟ್ಟು ತಪ್ಪು ಅಚ್ಚಾಗಿ ಹೋಯಿತು, ಈಗಲೂ ಆ ಪುಟ ತೆರೆಯಲು ಆಗುವುದಿಲ್ಲ.

ಕುದುರೆಮುಖ
ಲೆಕ್ಕವಿಲ್ಲದಷ್ಟು ಅನ್ನುವುದಕ್ಕೆ ಅಂಪ್ಟೀನ್ ಅನ್ನುತ್ತಾರಲ್ಲ, ಅದು ಎಂಪ್ಟಿಯಿಂದ ಬಂದದ್ದಾ?

ಹಳೇಮೇಷ್ಟ್ರು
ಅಲ್ಲ. ಟೆಲಿಗ್ರಾಫ್‌ನವರ ಮಾತು. ಮೋರ್ಸ್ ಸಂಕೇತದ ಉದ್ದ ಗೆರೆಗೆ ಅವರು ಅಂಪ್ಟಿ ಅನ್ನುತ್ತಿದ್ದರು. ಅದು ಟ್ವೆಂಟಿ, ಥರ್ಟಿ ತರಹ ಕೇಳಿಸಿತು, ಇಷ್ಟು ಅಂತ ಹೇಳಲಾಗದ ಸಂಖ್ಯೆ ಆಯಿತು. ಅದಕ್ಕೆ ಟೀನ್ ಬಾಲ ಹಾಕಿ ಅಂಪ್ಟೀನ್. ಜಿಲಿಯನ್ ಕೂಡ ಇದೇ ಜಾತಿ, ಮಿಲಿಯನ್ನಿನ ಬಾಲ, ತಲೆ ಮಾತ್ರ ಕಲ್ಪನೆ.

ಕಡಲತಡಿ
ಚಕ್ಕುಲಿ ಎಲ್ಲಿಗೆ ಹೋಯಿತು? ಕೊನೆಗೆ ಏನು ಬರೆದಿರಿ?

ತುಂಗೆತೀರ
ಎಲ್ಲಾ ಓದಿ ಎರಡು ದಿನ ಯೋಚಿಸಿದೆ. ಗೌಪೆನ್ ತುಂಬಾ ಇಷ್ಟವಾಯಿತು, ಆದರೆ ಕಡಲತಡಿಯವರ ಮಾತೂ ನಿಜ. ಮಕ್ಕಳು ಎರಡು ಹೊಸ ಪದ ಕಲಿಯುವುದರ ಬದಲು ಒಂದನ್ನೇ ಕಲಿಯಲಿ, ಅದು ನಮ್ಮದೇ ಇರಲಿ. ಹಾಗಾಗಿ ಇಂಗ್ಲಿಷ್ ಸಾಲಿನಲ್ಲೇ ಬೊಗಸೆ ಅಂತ ಬರೆದೆ. ಪಕ್ಕದಲ್ಲಿ ವಿವರಣೆ ಇಲ್ಲ, ಫೋಟೋ ಇದೆ. ಅಮ್ಮನ ಎರಡು ಕೈ, ಅದರಲ್ಲಿ ಅಕ್ಕಿ. ಕೆಳಗೆ ಸಣ್ಣದಾಗಿ, ಸ್ಕಾಟ್ಲೆಂಡಿನವರು ಇದನ್ನು ಗೌಪೆನ್ ಅನ್ನುತ್ತಾರೆ ಅಂತ ಒಂದು ಸಾಲು ಹಾಕಿದೆ.

ಅಬರ್ಡೀನ್‌ಕನ್ನಡತಿ
ನನಗೂ ಆ ಪುಟ ಕಳಿಸಿ. ಪಕ್ಕದ ಮನೆಯ ಅಜ್ಜಿಗೆ ತೋರಿಸುತ್ತೇನೆ.

ಗಣಿತಪ್ರಿಯ
ಉಪ್ಪು ಎಷ್ಟು ಅಂತ ಬರೆದಿಲ್ಲವಲ್ಲ?

ತುಂಗೆತೀರ
ಅಜ್ಜಿ ಬರೆದಿರುವುದು ರುಚಿಗೆ ತಕ್ಕಷ್ಟು. ನಾನು ಈ ಅಳತೆಗೆ ಮೂರು ಚಿಟಿಕೆ ಹಾಕುತ್ತೇನೆ, ಹಿಟ್ಟು ಕಲಸಿ ನಾಲಿಗೆಗೆ ಹಚ್ಚಿ ನೋಡಿ, ಬೇಕಾದರೆ ಇನ್ನೊಂದು.